ಹತ್ತೇ ನಿಮಿಷದ ಹೊಗೆ ಮೀನು

ನೀರು ಸರಬರಾಜು ಕಚೇರಿಯ ಆ ಗುಮಾಸ್ತನಿಗೆ ‘ಸರಿ ಸಾರ್’ ಅಂತಲೇ ಹೆಸರು ಬಿದ್ದಿತ್ತು. ಯಾರು ಏನೇ ಹೇಳಲಿ, ಅವನ ಬಾಯಿಂದ ಮೊದಲು ಉದುರುತ್ತಿದ್ದದ್ದು ಅದೇ ಮಾತು. ಈ ಎಡವಟ್ಟು ಶುರುವಾದದ್ದೂ ಅದರಿಂದಲೇ.

ಶುಕ್ರವಾರ ಮಧ್ಯಾಹ್ನ ಹೆಂಡತಿ ಅವನ ಡಬ್ಬಿಗೆ ಹೊಗೆ ಹಿಡಿಸಿದ ಮೀನನ್ನು ಮೊಸರಲ್ಲಿ ಕಲಸಿದ ಡಿಪ್ಪನ್ನೂ ಅದನ್ನು ಬಳಿದು ತಿನ್ನಲು ನಾಲ್ಕು ಉಪ್ಪು ಬಿಸ್ಕತ್ತನ್ನೂ ಹಾಕಿಕೊಟ್ಟಿದ್ದಳು. ಮೇಜಿನ ಪಕ್ಕ ಹಾದುಹೋಗುತ್ತಿದ್ದ ಸಾಹೇಬರು ಮೂಗರಳಿಸಿ ನಿಂತರು. ಕೇಳದೇ ಒಂದು ಬಿಸ್ಕತ್ತಿಗೆ ಬಳಿದುಕೊಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಏನಯ್ಯಾ ಇದು, ನೀನೇ ಮಾಡಿದ್ದಾ?”

ಇಲ್ಲ ಅನ್ನುವ ಮಾತು ಗಂಟಲವರೆಗೆ ಬಂದು ಹಾಗೇ ವಾಪಸ್ ಹೋಯಿತು. “ಸರಿ ಸಾರ್” ಅಂದುಬಿಟ್ಟ.

“ಹಂಗಾದ್ರೆ ಭಾನುವಾರ ಐದು ಗಂಟೆಗೆ ನಮ್ಮ ಮನೆಯವರನ್ನ ನಿಮ್ಮನೆಗೆ ಕರ್ಕೊಂಡು ಬರ್ತೀನಿ. ಇದನ್ನೇ ಮಾಡಿಡು.”

“ಸರಿ ಸಾರ್.”

ಬೇರೆ ವಾರವಾಗಿದ್ದರೆ ಏನಾದರೂ ನೆಪ ಹೇಳಬಹುದಿತ್ತು. ಆದರೆ ಸೋಮವಾರ ಸಾಹೇಬರು ಯಾರಾದರೊಬ್ಬರನ್ನು ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹಾಕಬೇಕಿತ್ತು. ಅಲ್ಲಿ ಕಿಟಕಿ ಇಲ್ಲ, ಫ್ಯಾನು ತಿರುಗಲ್ಲ, ಬರೀ ಧೂಳು. ಹಿಂದೆ ಅಲ್ಲಿದ್ದವರು ಬೀಳ್ಕೊಡುಗೆಯ ದಿನ ಭಾಷಣವನ್ನೂ ಸೀನಿಕೊಂಡೇ ಮುಗಿಸಿದ್ದರು. ಸರಿ ಸಾರ್‌ಗೋ ತನ್ನ ಕಿಟಕಿ ಪಕ್ಕದ ಕುರ್ಚಿ ಅಂದರೆ ಪ್ರಾಣ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡಳು. “ನೀವೇ ಮಾಡಿದ್ದು ಅಂದ್ರಿ ತಾನೆ? ನೀವೇ ಮಾಡಿ. ನಾನು ಭಾನುವಾರ ಅಕ್ಕನ ಮನೆಗೆ ಹೋಗ್ತೀನಿ.”

“ನಂಗೆ ಬರಲ್ವಲ್ಲೇ.”

“ಹತ್ತು ನಿಮಿಷದ ಕೆಲಸ ಕಣ್ರೀ. ಹೊಗೆ ಹಿಡಿಸಿರೋ ಮೀನು ಫ್ರಿಜ್‌ನಲ್ಲಿದೆ. ಮುಳ್ಳು ಬಿಡಿಸಿ, ಪುಡಿ ಮಾಡಿ, ಗಟ್ಟಿ ಮೊಸರು, ನಿಂಬೆರಸ, ಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಕಲಸಿ. ಒಲೆ ಹಚ್ಚೋದೇ ಬೇಡ.”

ಭಾನುವಾರ ಮೂರು ಗಂಟೆಗೆ ಅವನು ಹೆಂಡತಿಯ ಏಪ್ರನ್ ಕಟ್ಟಿಕೊಂಡು ಪರೀಕ್ಷೆಗೆ ಕೂತ ಹುಡುಗನ ಹಾಗೆ ಮೀನಿನ ಮುಂದೆ ಕೂತ. ಮುಳ್ಳು ಬಿಡಿಸುವುದರಲ್ಲೇ ನಲವತ್ತು ನಿಮಿಷ ಹೋಯಿತು. ಒಂದು ಮುಳ್ಳು ಮೀನಿನಿಂದ ಹೊರಬಂದು ಅವನ ಹೆಬ್ಬೆರಳಿಗೇ ಸೇರಿಕೊಂಡಿತು. ಬ್ಯಾಂಡೇಜ್ ಕೇಳಲು ಎದುರುಮನೆ ಆಂಟಿಯ ಬಾಗಿಲು ತಟ್ಟಿದ. ಆಂಟಿ ಬ್ಯಾಂಡೇಜಿನ ಜೊತೆ ತಾವೂ ಬಂದರು.

ಬಂದವರೇ ತಟ್ಟೆಯ ಮೇಲೆ ಬಗ್ಗಿ ಮೂಸಿದರು. “ಇದೆಂಥ ಹೊಗೆ ಮೀನು? ಒಂದು ಚೂರೂ ಹೊಗೆ ವಾಸನೆ ಇಲ್ಲ. ಫ್ರಿಜ್‌ನಲ್ಲಿಟ್ಟು ಎಲ್ಲಾ ಹೊರಟೋಗಿದೆ.”

“ಹಂಗಂತೀರಾ ಆಂಟಿ?”

“ಅಂತೀನಿ ಏನು, ಮೂಸಿ ನೋಡ್ದೆನಲ್ಲ. ದೊಡ್ಡ ಬಾಣಲೆ ಇಡು. ತಳಕ್ಕೆ ಚಹಾಪುಡಿ, ಸಕ್ಕರೆ. ಮೇಲೆ ಜರಡಿ, ಅದರೊಳಗೆ ಮೀನು. ಉರಿ ಜೋರು ಮಾಡಿ ಮುಚ್ಚಿಡು. ಘಮ್ಮಂತ ಹೊಗೆ ಕೂರುತ್ತೆ.”

“ಸರಿ ಆಂಟಿ.”

ಆಂಟಿ ಹೊರಡುವಾಗ ಮೂರು ಸಲ ಸೀನಿದರು. “ಹಾಳು ನೆಗಡಿ, ನಾಲ್ಕು ದಿನದಿಂದ ಮೂಗೇ ಕಟ್ಟೋಗಿದೆ,” ಅನ್ನುತ್ತಾ ಬಾಗಿಲು ಹಾಕಿಕೊಂಡರು. ಆ ಮಾತು ಅವನ ತಲೆಗೆ ಹೋಗುವಷ್ಟರಲ್ಲಿ ಬಾಣಲೆಯಲ್ಲಿ ಸಕ್ಕರೆ ಕರಗಿ, ಚಹಾಪುಡಿ ಹತ್ತಿಕೊಂಡು, ಮುಚ್ಚಳದ ಸುತ್ತಲಿಂದ ಹಳೇ ಲಾರಿ ಏರು ಹತ್ತುವಾಗ ಬಿಡುವಂಥ ಹೊಗೆ ನುಗ್ಗತೊಡಗಿತ್ತು. ಅವನು ಕಿಟಕಿ ತೆಗೆದ. ಹೊಗೆ ಸೀದಾ ಮೇಲಿನ ಮನೆಗೆ ಹೋಯಿತು.

ಮೇಲಿನ ಮನೆಯಲ್ಲಿದ್ದವರು ಫೈರ್ ಅಂಕಲ್. ಅಗ್ನಿಶಾಮಕ ದಳದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಅಂದಿನಿಂದ ಬಾಗಿಲ ಪಕ್ಕ ಎರಡು ಬಕೆಟ್ ಮರಳಿಟ್ಟುಕೊಂಡು ಒಂದೇ ಒಂದು ಬೆಂಕಿಗಾಗಿ ಕಾಯುತ್ತಿದ್ದರು. ಅವರು ಮೆಟ್ಟಿಲಿಳಿದು ಬಂದ ಸದ್ದಿಗೆ ಕಟ್ಟಡವೇ ನಡುಗಿತು.

“ಪಕ್ಕಕ್ಕೆ ಸರೀರಿ.”

“ಅಂಕಲ್, ಬೆಂಕಿ ಅಲ್ಲ ಅದು, ಮೀನು.”

“ಮೊದಮೊದಲು ಎಲ್ಲರೂ ಹಂಗೇ ಹೇಳೋದು.”

ಅವರು ಮುಚ್ಚಳ ಹಾರಿಸಿ ಎರಡೂ ಬಕೆಟ್ ಮರಳನ್ನು ಮೀನಿನ ಮೇಲೆ ಸುರಿದರು. ಬೆಂಕಿ ಆರಿತು. ಮೀನು ಮತ್ತೆ ಸಮುದ್ರದ ತಳ ಸೇರಿದಂತೆ ಕಾಣೆಯಾಯಿತು. “ಹನ್ನೊಂದು ಸೆಕೆಂಡು,” ಅಂತ ವಾಚು ನೋಡಿಕೊಂಡ ಅಂಕಲ್ಲಿನ ಕಣ್ಣಲ್ಲಿ ನೀರು. “ಕೈಚಳಕ ಇನ್ನೂ ಹೋಗಿಲ್ಲ ನಂದು.”

ನಾಲ್ಕೂಮುಕ್ಕಾಲಿಗೆ ಹೆಂಡತಿ ಬಂದಳು. ಮಸಿ ಮೆತ್ತಿದ ಗಂಡನನ್ನು, ಮರಳಿನ ಬಾಣಲೆಯನ್ನು, ಸೋಫಾದಲ್ಲಿ ಕೂತು ನೀರು ಕುಡಿಯುತ್ತಿದ್ದ ಅಂಕಲ್ಲನ್ನು ಒಂದೊಂದಾಗಿ ನೋಡಿದಳು. ಫ್ರಿಜ್ ತೆಗೆದು ಮೊಸರಿನ ಪಾತ್ರೆಯ ಹಿಂದಿನಿಂದ ಮುಚ್ಚಿಟ್ಟ ಬಟ್ಟಲೊಂದನ್ನು ಈಚೆ ತಂದಳು.

“ಬೆಳಿಗ್ಗೆನೇ ಮಾಡಿಟ್ಟು ಹೋಗಿದ್ದೆ.”

“ಅಯ್ಯೋ, ಹೇಳ್ಬಾರ್ದಿತ್ತಾ?”

“ನಿಮ್ಮನ್ನ ಹದಿನೈದು ವರ್ಷದಿಂದ ನೋಡ್ತಿದೀನಿ. ಮಾಡಲ್ಲ ಅಂತ ಗೊತ್ತಿತ್ತು. ಇಷ್ಟು ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ.”

ಅವನು ಮುಖ ತೊಳೆಯುವ ಮೊದಲೇ ಬಾಗಿಲ ಬೆಲ್ ಸದ್ದಾಯಿತು, ಸಾಹೇಬರು ಹೆಂಡತಿಯ ಜೊತೆ ಒಳಗೆ ಬಂದರು. ಸಾಹೇಬರ ಹೆಂಡತಿ ಒಂದು ಬಿಸ್ಕತ್ತು ತಿಂದರು, ಎರಡು ತಿಂದರು, ಮೂರನೆಯದಕ್ಕೆ ಬಟ್ಟಲನ್ನೇ ಹತ್ತಿರ ಎಳೆದುಕೊಂಡರು.

“ನಿಜವಾಗ್ಲೂ ನೀವೇ ಮಾಡಿದ್ದಾ?”

ಅವನು ಬಾಯಿ ತೆರೆಯುವುದರೊಳಗೆ ಅಂಕಲ್ ಎದ್ದುನಿಂತರು. “ನಾನೇ ಸಾಕ್ಷಿ ಅಮ್ಮಾ. ನಾನು ಬಂದಾಗ ಈ ಮನುಷ್ಯ ಒಲೆ ಮುಂದೆನೇ ಇದ್ರು. ಹೊಗೆ ನಡುವೆನೂ ಜಾಗ ಬಿಟ್ಟು ಕದಲಿರ್ಲಿಲ್ಲ. ಇವರ ಮನೆಯವರು ಅಕ್ಕನ ಮನೆಯಿಂದ ಈಗಷ್ಟೇ ಬಂದದ್ದು.”

ಸಾಹೇಬರ ಹೆಂಡತಿ ಅವನ ಮುಖದ ಮಸಿಯನ್ನೂ ಹೆಬ್ಬೆರಳಿನ ಬ್ಯಾಂಡೇಜನ್ನೂ ನೋಡಿದರು. ಅವರ ದನಿಯೇ ಮೆತ್ತಗಾಯಿತು. “ಆರು ದಿನ ಆಫೀಸಲ್ಲಿ ದುಡಿದು, ಏಳನೇ ದಿನ ಹೆಂಡತಿನ ತವರಿನವರ ಹತ್ರ ಕಳಿಸಿ, ತಾನು ಅಡುಗೆ ಮಾಡ್ತಾರೆ.” ಆಮೇಲೆ ಗಂಡನ ಕಡೆ ತಿರುಗಿದರು. ದನಿ ಮೆತ್ತಗಿರಲಿಲ್ಲ. “ನೀವು ನಮ್ಮನೆ ಗ್ಯಾಸ್ ಲೈಟರ್ ಎಲ್ಲಿದೆ ಹೇಳಿ ನೋಡೋಣ.”

ಸಾಹೇಬರು ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡೇ ಚಾವಣಿ ನೋಡಿದರು.

“ನಾಳೆಯಿಂದ ಸಂಜೆ ಅಡುಗೆ ನಿಮ್ಮದು. ಇವರಿಗೆ ಆಗೋದು ನಿಮಗ್ಯಾಕಾಗಲ್ಲ?”

ಸರಿ ಸಾರ್‌ಗೆ ತನ್ನ ಕಿಟಕಿ ಕಣ್ಣೆದುರೇ ಮುಚ್ಚಿಕೊಂಡಂತಾಯಿತು. ಹೊರಡುವಾಗ ಸಾಹೇಬರು ಅವನನ್ನು ಮೆಟ್ಟಿಲ ಮೂಲೆಗೆ ಕರೆದು ಭುಜದ ಮೇಲೆ ಕೈ ಹಾಕಿದರು.

“ನಾಳೆಯಿಂದ ನೀನು ರೆಕಾರ್ಡ್ ರೂಮು.”

“ಸಾರ್, ಸಿಟ್ಟಾದ್ರಾ?”

“ಸಿಟ್ಟಲ್ಲಯ್ಯ, ಅಲ್ಲಿಗೆ ನರಪಿಳ್ಳೆ ಬರಲ್ಲ. ದಿನಾ ಇಬ್ಬರಿಗಾಗೋಷ್ಟು ಏನಾದ್ರೂ ಮಾಡಿ ಡಬ್ಬಿ ತಾ. ನಾನು ಬಂದು ಚೀಲಕ್ಕೆ ಹಾಕ್ಕೊಂಡು ಹೋಗ್ತೀನಿ. ಸಂಜೆ ಅಡುಗೆಮನೆ ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಪಾತ್ರೆ ಸದ್ದು ಮಾಡಿದ್ರಾಯ್ತು. ನಿನ್ನಂಥ ಕೈ ಇನ್ನೊಬ್ಬರಿಗಿಲ್ಲ ಕಣಯ್ಯ. ನಾನು ರಿಟೈರ್ ಆಗೋವರೆಗೂ ನಿನ್ನನ್ನ ಅಲ್ಲಿಂದ ಅಲ್ಲಾಡಿಸಲ್ಲ.”

“ಸರಿ ಸಾರ್.”

ಅವನು ಒಳಗೆ ಬಂದ. ಹೆಂಡತಿ ಬಾಗಿಲ ಹಿಂದೆಯೇ ನಿಂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಒಂದು ಕೈಗೆ ಮರಳಿನ ಬಾಣಲೆ, ಇನ್ನೊಂದಕ್ಕೆ ಈರುಳ್ಳಿ ಕೊಟ್ಟಳು.

“ಅದನ್ನ ತೊಳೀರಿ, ಆಮೇಲೆ ಇದನ್ನ ಹೆಚ್ಚಿ. ನಾಳೆಯಿಂದ ಡಬ್ಬಿ ನೀವೇ ಮಾಡ್ಬೇಕಲ್ಲ.”

“ಸರಿ,” ಅಂದ ಅವನು.