ನಿಂತೇ ತಡೆದ ಗೋಲ್‌ಕೀಪರ್

ಹೆಂಡತಿಗೆ ಗೊತ್ತಿಲ್ಲದ ಒಂದಾದರೂ ವಿಷಯ ತನಗೆ ಗೊತ್ತಿರಬೇಕು ಎಂಬುದು ಪ್ರತಿಯೊಬ್ಬ ಗಂಡನ ಸಣ್ಣ ಆಸೆ. ನನ್ನ ಪಾಲಿಗೆ ಅಂಥ ವಿಷಯ ಐಸ್ ಹಾಕಿ ಆಟ. ಆಡಲು ಬರುತ್ತಿತ್ತೆಂದಲ್ಲ, ಮೈಸೂರಿನಲ್ಲಿ ಬೆಳೆದ ನಾನು ಐಸ್ ಕಂಡದ್ದು ಕಬ್ಬಿನ ಹಾಲಿನ ಲೋಟದಲ್ಲಿ ಮಾತ್ರ. ಔಷಧ ಕಂಪನಿಯೊಂದರ ಮ್ಯಾನೇಜರಾಗಿ ನೈರೋಬಿಗೆ ಬಂದು ಸೌತ್ ಬಿ ಬಡಾವಣೆಯಲ್ಲಿ ಮನೆ ಮಾಡಿದ್ದಾಗ, ಊರಿನ ಹೋಟೆಲೊಂದರಲ್ಲಿ ಐಸಿನ ಸ್ಕೇಟಿಂಗ್ ರಿಂಕ್ ತೆರೆದರು. ಮಗಳು ನಿಧಿಯನ್ನು ಸೇರಿಸಿದೆವು. ಅವಳು ಜಾರಲು ಕಲಿಯುವಷ್ಟರಲ್ಲಿ ನಾನು ಬೆಂಚಿನ ಮೇಲೆ ಕೂತು ಆಟದ ಚರಿತ್ರೆಯನ್ನೆಲ್ಲ ಓದಿ ಮುಗಿಸಿದೆ. ಕೆನಡಾದವರು ಮೊದಲು ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡುತ್ತಿದ್ದದ್ದು, ಕಟ್ಟಡದೊಳಗೆ ಬಂದ ಮೇಲೆ ಚೆಂಡು ಪುಟಿದು ಪ್ರೇಕ್ಷಕರಿಗೆ ಬಡಿದೀತೆಂದು ಚಪ್ಪಟೆ ಬಿಲ್ಲೆ ತಂದದ್ದು, ತಂಡದ ಒಂಬತ್ತು ಜನ ಕ್ರಮೇಣ ಆರಕ್ಕಿಳಿದದ್ದು, ಎಲ್ಲವನ್ನೂ ಹೆಂಡತಿ ಪ್ರಮೀಳಾಗೆ ಹುಳಿ ಕುದಿಯುವಾಗಲೂ ಹೇಳುತ್ತಿದ್ದೆ. ಕಾಲೇಜಿನಲ್ಲಿ ಅವಳು ಹಾಕಿ ತಂಡದ ಗೋಲ್‌ಕೀಪರ್. ಆ ಮಾತೆತ್ತಿದರೆ, "ಅದು ಮಣ್ಣಿನ ಆಟ ಕಣೇ," ಎಂದು ತಳ್ಳಿಹಾಕುತ್ತಿದ್ದೆ.

ಒಂದು ಶನಿವಾರ ರಿಂಕಿನಲ್ಲಿ ಆಟ ಕಲಿತ ಸ್ಥಳೀಯರಿಗೂ ಊರಲ್ಲಿದ್ದ ಕೆನಡಾದವರಿಗೂ ಪಂದ್ಯ. ಅರ್ಧ ಆಟಕ್ಕೇ ಸ್ಥಳೀಯರ ಗೋಲ್‌ಕೀಪರ್ ಕಾಲು ಉಳುಕಿಸಿಕೊಂಡ. ನಿಧಿಯ ಸ್ಕೇಟಿಂಗ್ ಗುರು ಮ್ವಾಂಗಿಯೇ ಆ ತಂಡದ ನಾಯಕ. ಅವನು ನೇರ ನಮ್ಮ ಬೆಂಚಿಗೆ ಬಂದು, ಅಲ್ಲಿಯವರು ತಾಯಂದಿರನ್ನು ಮಕ್ಕಳ ಹೆಸರು ಸೇರಿಸಿ 'ಮಾಮಾ' ಎನ್ನುವಂತೆ ಪ್ರಮೀಳಾಳನ್ನು ಕರೆದ.

"ಮಾಮಾ ನಿಧಿ, ನೀವು ಗೋಲ್‌ಕೀಪರ್ ಆಗಿದ್ದಿರಂತೆ, ಮಗಳು ಹೇಳಿದಳು. ನಮಗೆ ಬೇರೆ ಯಾರೂ ಇಲ್ಲ."

ಪ್ರಮೀಳಾ ನನ್ನ ಮುಖ ನೋಡಿದಳು. "ರೀ, ಬಿದ್ಗಿದ್ರೆ?"

"ಬೇಡ ಕಣೇ, ನಲವತ್ತೆರಡನೇ ವಯಸ್ಸಲ್ಲಿ..." ಎಂದೆ. ವಯಸ್ಸು ಹೇಳಿದ್ದೇ ತಪ್ಪಾಯಿತು. ಎದ್ದೇಬಿಟ್ಟಳು.

ಚೂಡಿದಾರದ ಮೇಲೆ ದಪ್ಪ ಪ್ಯಾಡು, ಮುಖಕ್ಕೆ ಜಾಲರಿ ಕಟ್ಟಿಸಿಕೊಂಡ ಅವಳನ್ನು ಇಬ್ಬರು ಬೀರು ತಳ್ಳಿದಂತೆ ತಳ್ಳಿಕೊಂಡು ಹೋಗಿ ಗೋಲಿನ ಮುಂದೆ ನಿಲ್ಲಿಸಿದರು. "ಅಮ್ಮಾ, ಜಸ್ಟ್ ಸ್ಟ್ಯಾಂಡ್ ದೇರ್," ಎಂದಳು ನಿಧಿ. ಮೊದಲ ಬಿಲ್ಲೆ ಅವಳ ಮೊಣಕಾಲಿನ ಪ್ಯಾಡಿಗೆ ಬಡಿದು ಸಿಡಿಯಿತು. ಎರಡನೆಯದನ್ನು ಒಲೆಕಟ್ಟೆ ಒರೆಸುವಷ್ಟು ಸಲೀಸಾಗಿ ಕೋಲಿನಿಂದ ಆಚೆ ಸರಿಸಿದಳು. ಅಲ್ಲಿಗೆ ಕೆನಡಾದವರು ನಗುವುದನ್ನು ಬಿಟ್ಟು ಜೋರಾಗಿ ಹೊಡೆಯತೊಡಗಿದರು. ಅವಳು ಜಗ್ಗಲಿಲ್ಲ, ಒಮ್ಮೆಯೂ ಬೀಳಲಿಲ್ಲ. ಈ ಆಟದ ಹಳೆಯ ಕಾಲದಲ್ಲಿ ಗೋಲ್‌ಕೀಪರ್ ನೆಲಕ್ಕೆ ಬೀಳುವಂತಿರಲಿಲ್ಲ, ನಿಂತೇ ತಡೆಯಬೇಕಿತ್ತು. ನನ್ನ ಹೆಂಡತಿ ಆ ಶಾಸ್ತ್ರೋಕ್ತ ಪದ್ಧತಿಯಲ್ಲೇ ಆಡುತ್ತಿದ್ದಾಳೆಂದು ಅಕ್ಕಪಕ್ಕದವರಿಗೆಲ್ಲ ವಿವರಿಸಿದೆ. ಬಿದ್ದರೆ ಏಳಲಾಗದೆಂಬ ಭಯಕ್ಕೆ ಹಾಗೆ ನಿಂತಿದ್ದೆ ಎಂದು ಅವಳು ಆಮೇಲೆ ಹೇಳಿದಳು.

ಮೊದಲೇ ನಾಲ್ಕು ಗೋಲು ಬಿದ್ದಿದ್ದರಿಂದ ನಾವು ಸೋತೆವು, ನಿಜ. ಆದರೆ ಪ್ರಮೀಳಾ ನಿಂತ ಮೇಲೆ ಒಂದೂ ಬೀಳಲಿಲ್ಲ. ಕೆನಡಾದವರು ಸಾಲಾಗಿ ಬಂದು ಅವಳ ಕೈ ಕುಲುಕಿದರು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಆಫೀಸಿನ ಚರ್ಮದ ಷೂನಲ್ಲೇ ಐಸಿನ ಮೇಲೆ ಓಡಿದೆ. ಎರಡನೇ ಹೆಜ್ಜೆಗೇ ಚಾವಣಿಯ ದೀಪಗಳು ಕಂಡವು. ಬೆನ್ನ ಮೇಲೆ ಜಾರುತ್ತ ಹೋಗಿ, ಅವಳ ಪಕ್ಕದಿಂದ ನುಸುಳಿ, ಬಲೆಯೊಳಗೆ ಬಿದ್ದೆ. ಆ ದಿನ ಪ್ರಮೀಳಾಳನ್ನು ದಾಟಿ ಒಳಗೆ ಹೋದದ್ದು ನಾನೊಬ್ಬನೇ.