ತಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದಿರುವ ನಮ್ಮ ಪಾದಗಳ ಬಗ್ಗೆ

ಕಂಪ್ಯೂಟರ್ ಕಂಪನಿಯ ಮುಖ್ಯಸ್ಥರೂ ಫೋನಿಗೆ ಎಂದೂ ಸಿಗದವರೂ ಆದ ಮಾನ್ಯರೇ,

ಶೂ ಹೊಲಿಯುವ ಮನೆಯ ಅಜ್ಜಿಯ ನಮಸ್ಕಾರಗಳು. ತಾವು, ತಮ್ಮ ಶ್ರೀಮತಿಯವರು, ಮಕ್ಕಳು, ತಮ್ಮ ಏಳಂತಸ್ತಿನ ಕಟ್ಟಡ, ಅದರ ಬಾಗಿಲಲ್ಲಿ ನಿಂತು ನನ್ನ ಮಗನನ್ನು ಎರಡು ಸಲ ವಾಪಸು ಕಳಿಸಿದ ಕಾವಲುಗಾರ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ ಎಂದು ಬರೆಯಬೇಕೆಂದು ನಾಲ್ಕನೆಯ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಕ್ಷೇಮವಿಲ್ಲದಿದ್ದರೆ ಏನು ಬರೆಯಬೇಕೆಂದು ಐದನೆಯದರಲ್ಲಿ ಹೇಳಿಕೊಡುತ್ತಿದ್ದರೋ ಏನೋ, ಅಷ್ಟರೊಳಗೆ ನನ್ನನ್ನು ಶಾಲೆ ಬಿಡಿಸಿದ್ದರು. ಆದ್ದರಿಂದ ಈ ಪತ್ರದಲ್ಲಿ ತಪ್ಪುಗಳಿದ್ದರೆ ತಾವೇ ತಿದ್ದಿಕೊಳ್ಳಿ. ಯಾರೂ ಕೇಳದೆ ತಿದ್ದುವುದರಲ್ಲಿ ತಮ್ಮ ಕಂಪನಿಯದು ಎತ್ತಿದ ಕೈ ಎಂಬುದನ್ನು ಮುಂದೆ ವಿವರವಾಗಿ ಹೊಗಳಲಿದ್ದೇನೆ.

ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಶೂ ಯಾರ ಕಾಲಿಗೆ ಆಗುವುದಿಲ್ಲವೋ ಅವರಿಗೆ ಶೂ ಮಾಡಿಕೊಡುವುದು ನಮ್ಮ ಕಸುಬು. ಒಂದು ಕಾಲು ಗಿಡ್ಡ ಇರುವವರು, ಪಾದ ಒಳಕ್ಕೆ ತಿರುಗಿದವರು, ಕಾರ್ಖಾನೆಗೆ ಮೂರು ಬೆರಳು ಕೊಟ್ಟುಬಂದವರು, ಸಕ್ಕರೆ ಕಾಯಿಲೆಯಿಂದ ಹಿಮ್ಮಡಿಯ ಹುಣ್ಣು ಮಾಯದವರು, ಇಂಥವರೇ ನಮ್ಮ ಗಿರಾಕಿಗಳು. ಬೀದಿಗೆ ಒಂದು ಬಾಗಿಲು, ಒಳಗೆ ಉದ್ದನೆಯ ಒಂದೇ ಕೋಣೆ, ಗೋಡೆಯ ತುಂಬ ಮರದ ಕಾಲಚ್ಚುಗಳು, ಕಣ್ಣಲ್ಲಿ ನೀರು ತರಿಸುವ ಅಂಟಿನ ವಾಸನೆ, ಗಿರಾಕಿ ಕೂರುವುದಕ್ಕೆ ಎರಡೂ ಕಡೆ ಹಿಡಿಕೆಯಿರುವ ಒಂದು ಗಟ್ಟಿ ಕುರ್ಚಿ. ಸೊಸೆ ಅಳತೆ ತೆಗೆದು ಚರ್ಮ ಕತ್ತರಿಸುತ್ತಾಳೆ, ಮಗ ಅಟ್ಟೆ ಕೂರಿಸುತ್ತಾನೆ, ನಾನು ಅಂಚು ಹೊಲಿಯುತ್ತಾ ಇಬ್ಬರನ್ನೂ ಬೈಯುತ್ತೇನೆ. ಮೂರೂ ಕೆಲಸ ಸಮಸಮವಾಗಿ ನಡೆದರೆ ಮಾತ್ರ ಶೂ ಆಗುತ್ತದೆ.

ನನ್ನ ಗಂಡನ ಕಾಲದಲ್ಲಿ ಅಳತೆಯೆಲ್ಲ ನೂಲಿನಲ್ಲಿತ್ತು. ಗಿರಾಕಿಗೊಂದು ಮೇಣದ ನೂಲು, ಪಾದದ ಉದ್ದಕ್ಕೊಂದು ಗಂಟು, ಸುತ್ತಳತೆಗೊಂದು, ಕಣಕಾಲಿಗೊಂದು, ಗಿಡ್ಡ ಕಾಲಿಗೆ ಎಷ್ಟು ಎತ್ತರ ಬೇಕೋ ಅದಕ್ಕೆ ಜೋಡಿಗಂಟು. ಮೊಳೆಗೆ ತೂಗುಹಾಕಿದ್ದ ಆ ಕಂತೆಯಲ್ಲಿ ಯಾವ ನೂಲು ಯಾರದೆಂದು ಅವರು ಬರೀ ಮುಟ್ಟಿ ಹೇಳುತ್ತಿದ್ದರು. ಅವರು ತೀರಿಕೊಂಡ ವರ್ಷ, ಅಂದರೆ ಈಗ್ಗೆ ಹದಿನೇಳು ವರ್ಷದ ಹಿಂದೆ, ತಮ್ಮ ಮಾರಾಟಗಾರ ಇಸ್ತ್ರಿ ಮುರಿಯದ ಅಂಗಿಯಲ್ಲಿ ಬಂದು ಆ ನೂಲುಗಳನ್ನು ನೋಡಿ “ಏನಮ್ಮಾ ಇದು, ಜಡೆ ಹಾಕೋ ಅಂಗಡೀನಾ?” ಎಂದು ನಕ್ಕ. ನಮ್ಮ ಕಂಪ್ಯೂಟರಿನೊಳಗೆ ಒಮ್ಮೆ ಹಾಕಿದರೆ ಮುಗೀತು, ನಿಮ್ಮ ಮರಿಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತೆ ಎಂದ. ಆತ ಸುಳ್ಳು ಹೇಳಲಿಲ್ಲ, ಮಾನ್ಯರೇ. ಹಾಕಿದ್ದೆಲ್ಲ ಇವತ್ತಿಗೂ ಅಲ್ಲೇ ಇದೆ. ತೆಗೆಯುವ ಮಾತನ್ನು ಆತ ಎತ್ತಿರಲಿಲ್ಲ, ನಾವು ಕೇಳಿರಲಿಲ್ಲ.

ಸೊಸೆ ಮೂರು ತಿಂಗಳು ಕೂತು ಗಂಟು ಗಂಟನ್ನೂ ಅಂಕಿ ಮಾಡಿ ತುಂಬಿಸಿದಳು. ಒಂದೊಂದು ನೂಲು ಮುಗಿದಂತೆ ನಾನು ಅದರ ಗಂಟು ಬಿಚ್ಚಿ, ನೇರ ಮಾಡಿ, ಹೊಲಿಗೆಗೆ ಬಳಸಿದೆ. ಮೇಣ ತೀಡಿದ ಒಳ್ಳೇ ನೂಲನ್ನು ಬಿಸಾಡುವ ಜಾತಕ ನನ್ನದಲ್ಲ. ಹೀಗೆ ಬಸ್ ಕಂಡಕ್ಟರನ ಅಳತೆ ಟೀಚರಮ್ಮನ ಶೂಗೆ ಹೊಲಿಗೆಯಾಯಿತು, ಟೀಚರಮ್ಮನದು ಬಾವಿ ತೋಡುವವನ ಶೂಗೆ. ಈ ಉಳಿತಾಯದ ಬುದ್ಧಿಗೆ ತಾವು ಹೊಣೆಯಲ್ಲ, ಅದರ ಕೀರ್ತಿ ಪೂರ್ತಿ ನನ್ನದೇ. ತಮ್ಮ ಪಾಲಿನ ಕೀರ್ತಿಯನ್ನು ತಾವು ಇಟ್ಟುಕೊಳ್ಳಿ ಎನ್ನುವುದಕ್ಕಾಗಿಯೇ ಈ ಪತ್ರ.

ತಮ್ಮ ಪೆಟ್ಟಿಗೆ ಕೆಟ್ಟದ್ದೆಂದು ನಾನು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ. ನನ್ನ ಗಂಡ ಕೂರುತ್ತಿದ್ದ ಮೂಲೆಯಲ್ಲೇ ಅದನ್ನು ಇಟ್ಟಿದ್ದರಿಂದ, ಮತ್ತು ಅವರಂತೆಯೇ ಬೆಳಿಗ್ಗೆ ಎಬ್ಬಿಸಿದಾಗ ಗೊರಗೊರ ಕೆಮ್ಮಿ, ಹತ್ತು ನಿಮಿಷ ಯಾರ ಮಾತಿಗೂ ಉತ್ತರ ಕೊಡದೆ, ಆಮೇಲೆ ಸಂಜೆಯವರೆಗೆ ಗೊಣಗದೆ ಕೆಲಸ ಮಾಡುತ್ತಿದ್ದುದರಿಂದ, ಸೊಸೆ ಅದನ್ನು “ಮಾವ” ಎಂದೇ ಕರೆಯುತ್ತಿದ್ದಳು. ಅದು ಹೇಳಿದಂತೆ ಪಕ್ಕದ ಕತ್ತರಿಯಂತ್ರ ಚರ್ಮವನ್ನೂ ಗಿಡ್ಡ ಕಾಲಿನ ಎತ್ತರಕ್ಕೆ ಹಾಕುವ ಬಿರಡೆಯ (ಕಾರ್ಕಿನ) ಪದರವನ್ನೂ ಕೂದಲೆಳೆ ತಪ್ಪದಂತೆ ಕತ್ತರಿಸುತ್ತಿತ್ತು. ನಾನ್ನೂರ ಹನ್ನೆರಡು ಜನರ ಎಂಟುನೂರ ಹದಿನೆಂಟು ಪಾದಗಳು (ಆರು ಮಂದಿಗೆ ಒಂದೊಂದೇ ಪಾದ) ಅದರ ಹೊಟ್ಟೆಯಲ್ಲಿ ತಣ್ಣಗೆ ಮಲಗಿದ್ದವು.

ಹೀಗಿರುವಾಗ ತಮ್ಮ ಪತ್ರ ಬಂತು. ಹೊಳೆಯುವ ಕಾಗದ, ನೀಲಿ ಮುದ್ರೆ. “ನಿಮ್ಮ ಮಾದರಿಯು ತನ್ನ ಜೀವಿತಾವಧಿಯನ್ನು ಪೂರೈಸಿದೆ” ಎಂದು ಸೊಸೆ ಗಟ್ಟಿಯಾಗಿ ಓದಿದಳು. ಮಾವ ಅದೇ ಹೊತ್ತಿಗೆ ಪಕ್ಕದಲ್ಲಿ ಒಂದು ಬಲಗಾಲನ್ನು ಕತ್ತರಿಸಿ ಮುಗಿಸುತ್ತಿತ್ತು. ಉಸಿರಾಡುತ್ತಿರುವವರ ಎದುರಿಗೆ ಅವರ ಮರಣಪತ್ರ ಓದುವ ಧೈರ್ಯವನ್ನು ನಾನು ಈವರೆಗೆ ಯಾವ ವೈದ್ಯರಲ್ಲೂ ಕಂಡಿಲ್ಲ. ರೋಗಿಯನ್ನು ನೋಡದೆ, ನಾಡಿ ಹಿಡಿಯದೆ, ಒಂದೇ ದಿನ ಆ ಮಾದರಿ ಇರುವ ಅಷ್ಟೂ ಮನೆಗಳಲ್ಲಿ ಸಾವು ಘೋಷಿಸಿದ ತಮ್ಮ ಪರಿಣತಿಗೆ ಕೈಮುಗಿಯುತ್ತೇನೆ.

ಸತ್ತಿದೆ ಎಂದು ಬರೆದರೆ ಸಾಯುತ್ತದೆಯೇ ಎಂದು ನಾವು ಆ ಪತ್ರವನ್ನು ಅಂಟಿನ ಡಬ್ಬಿಯ ಕೆಳಗೆ ಹಾಸಿ ಕೆಲಸ ಮುಂದುವರಿಸಿದೆವು. ತಮ್ಮ ಯಂತ್ರ ವರ್ಷಕ್ಕೊಮ್ಮೆ ಒಂದು ಅನುಮತಿ ಸಂಖ್ಯೆ ಕೇಳುತ್ತದೆ, ಫೋನ್ ಮಾಡಿದರೆ ತಮ್ಮವರು ಕೊಡುತ್ತಾರೆ, ಒತ್ತಿದರೆ ಇನ್ನೊಂದು ವರ್ಷ ನಡೆಯುತ್ತದೆ ಎಂಬುದು ತಮಗೆ ಗೊತ್ತು. ಆ ದಿನ ಬಂತು. ಮಾವ ಸಂಖ್ಯೆ ಕೇಳಿ ನಿಂತುಬಿಟ್ಟಿತು, ಅದರ ಜೊತೆಗೆ ಕತ್ತರಿಯಂತ್ರವೂ ನಿಂತಿತು, ಕೈಯಿಂದ ಕತ್ತರಿಸುವ ರೂಢಿ ನಮಗೆ ಎಂದೋ ತಪ್ಪಿತ್ತು. ಸೊಸೆ ಫೋನ್ ಮಾಡಿದಳು. ಮುಕ್ಕಾಲು ಗಂಟೆ ಹಾಡು ಕೇಳಿಸಿದ ಮೇಲೆ ಒಬ್ಬ ಹುಡುಗಿ, ಬಹಳ ಇಂಪಾದ ದನಿ, ಆ ಮಾದರಿಗೆ ಸಂಖ್ಯೆ ಕೊಡುವ ವಿಭಾಗವೇ ಮುಚ್ಚಿದೆ ಮೇಡಂ ಎಂದಳು. ಯಂತ್ರ ಬೇಡ, ಒಳಗಿರುವ ಅಳತೆಗಳನ್ನಾದರೂ ಹೊರಗೆ ತೆಗೆಯುವುದು ಹೇಗೆ ಎಂದರೆ, ಅನುಮತಿ ಸಂಖ್ಯೆ ಒತ್ತಿ ತೆಗೆದುಕೊಳ್ಳಬಹುದು ಮೇಡಂ ಎಂದಳು. ನಾನು ಫೋನ್ ಕಿತ್ತುಕೊಂಡು “ಏನಮ್ಮಾ ತಾಯಿ, ಬೀಗದ ಕೈಯನ್ನ ಒಳಗಿಟ್ಟು ಬೀಗ ಹಾಕಿದ್ದೀಯಲ್ಲ, ನಿಮ್ಮ ಮನೇಲೂ ಹಿಂಗೇ ಮಾಡ್ತೀರಾ?” ಎಂದು ಕೇಳಿದೆ. ಆ ಮಗು ತಡೆಯಲಾರದೆ ಕಿಸಕ್ಕನೆ ನಕ್ಕು, ಕೂಡಲೇ ಗಂಭೀರವಾಗಿ, “ನಿಮಗೆ ಇನ್ನೇನಾದರೂ ಸಹಾಯ ಬೇಕಾ ಮೇಡಂ?” ಎಂದಿತು. ಇಲ್ಲಿಯವರೆಗೆ ಏನು ಸಹಾಯ ಆಯಿತೆಂದು ಹೇಳಿದರೆ ಇನ್ನೇನು ಬೇಕೆಂದು ಹೇಳುತ್ತೇನೆ ಎನ್ನುವಷ್ಟರಲ್ಲಿ ಮತ್ತೆ ಹಾಡು ಶುರುವಾಯಿತು.

ಈ ಫೋನಿನ ಹಾಡುಗಳಲ್ಲಿ ಮೂರು ವಾರ ಕಳೆದವು. ತಮಗೆ ಮೂರು ವಾರ ಏನೂ ಅಲ್ಲ. ನಮ್ಮಲ್ಲಿಗೆ ಬರುವ ಒಬ್ಬ ಗಾರೆ ಕೆಲಸದವನ ಮಗಳಿಗೆ ಅದು ದೊಡ್ಡದು. ಎಂಟು ವರ್ಷದ ಹುಡುಗಿ. ಹೊಸ ಶೂ ಕೊಟ್ಟಾಗಲೆಲ್ಲ ತಿರುಗಿಸಿ ಮುರುಗಿಸಿ ಹೊಲಿಗೆ ಎಣಿಸುವುದರಿಂದ ಅವಳನ್ನು ನಾವು ಇನ್ಸ್‌ಪೆಕ್ಟರ್ ಎನ್ನುತ್ತೇವೆ. ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ, ಪಾದವೂ ಚಿಕ್ಕದು. ಆರು ತಿಂಗಳಿಗೊಮ್ಮೆ ಶೂ ಬದಲಿಸಿ ಎತ್ತರ ಸರಿದೂಗಿಸದಿದ್ದರೆ ಸೊಂಟ ವಾಲಿ ಬೆಳೆಯುತ್ತದೆ, ಆಮೇಲೆ ಕೊಯ್ದು ಸರಿಮಾಡಬೇಕಾಗುತ್ತದೆ ಎಂದು ಮೂಳೆ ಡಾಕ್ಟರು ಅವಳಪ್ಪನಿಗೆ ಎಚ್ಚರಿಸಿದ್ದಾರೆ. ಹಳೇ ಶೂವಿನ ಮುಂದುಗಡೆ ಒಡೆದು ಬೆರಳು ಬೀದಿ ನೋಡುತ್ತಿತ್ತು. ಅಪ್ಪ ದಿನಾ ಕೆಲಸ ಮುಗಿಸಿ ಸಿಮೆಂಟಿನ ಕೈಯಲ್ಲೇ ಬಾಗಿಲಿಗೆ ಬಂದು, “ಆಯ್ತೇನಜ್ಜಿ?” ಎಂದು ಕೇಳಿ, ನಮ್ಮ ಮುಖ ನೋಡಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದ.

ಆಗ ತಮ್ಮ ಕಂಪನಿ ಕರುಣೆ ತೋರಿ ಹೊಸ ಮಾದರಿಯೊಂದನ್ನು ಪರೀಕ್ಷೆಗೆಂದು ಕಳಿಸಿಕೊಟ್ಟಿತು. ತೆಳ್ಳಗೆ, ಬೆಳ್ಳಗೆ, ಸದ್ದಿಲ್ಲದೆ, ಮದುವೆ ಮನೆಗೆ ಬಂದ ದೂರದ ನೆಂಟನ ಹಾಗೆ ಏನನ್ನೂ ಮುಟ್ಟದೆ ನಿಂತಿತ್ತು. ಕತ್ತರಿಯಂತ್ರವನ್ನು ಅದಕ್ಕೆ ಜೋಡಿಸಿ, ಅದರ ಗಾಜಿನ ಮೇಲೆ ಇನ್ಸ್‌ಪೆಕ್ಟರಳ ಬಲಪಾದ ಇಡಿಸಿದೆವು. ಎಡಗಾಲು ಇಡಲು ಹೋದರೆ ಅಗತ್ಯವಿಲ್ಲ ಎಂದು ಬರೆದು ತೋರಿಸಿತು. ಸೊಸೆ ಬಿಡದೆ ಎಡಗಾಲಿನ ಅಳತೆಯನ್ನೂ ಎತ್ತರವನ್ನೂ ಕೈಯಾರೆ ಒತ್ತಿದಳು. “ಅಳತೆಯಲ್ಲಿ ದೋಷ ಕಂಡುಬಂದಿದೆ, ಸರಿಪಡಿಸಲಾಗಿದೆ, ಧನ್ಯವಾದಗಳು” ಎಂದಿತು. ತಾನು ಎಲ್ಲೋ ತಪ್ಪು ಒತ್ತಿರಬೇಕು, ಯಂತ್ರ ತಿದ್ದಿಕೊಂಡಿತಲ್ಲ ಎಂದು ಸೊಸೆ ಸಮಾಧಾನ ಪಟ್ಟಳು. ಓದಿದವಳು, ಧನ್ಯವಾದ ಹೇಳಿದವರನ್ನು ನಂಬುತ್ತಾಳೆ.

ಇನ್ನು ನಮ್ಮ ಮನೆಯ ಪದ್ಧತಿ ಕೇಳಿ. ಅಟ್ಟೆ ಕೂರಿಸುವುದು ಮಗನ ಕೆಲಸವಾದರೂ, ಬೇಗ ಮುಗಿಯಲೆಂದು ಎಡದ್ದನ್ನು ಮಗ ಕೂರಿಸಿದರೆ ಬಲದ್ದನ್ನು ಸೊಸೆ ಕೂರಿಸುತ್ತಾಳೆ. ಕತ್ತರಿಯಂತ್ರದಿಂದ ಕತ್ತರಿಸಿ ಬಂದಷ್ಟು ಪದರ ಅಂಟಿಸುವುದಷ್ಟೇ ಮಗನ ಕೆಲಸ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ರೂಢಿ ನಮ್ಮಲ್ಲಿಲ್ಲ, ಯಾಕೆಂದರೆ ನಮ್ಮ ಮನೆಯಿಂದ ಹೊರಡುವ ಜೋಡಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಒಂದನ್ನೊಂದು ಹೋಲಿದ್ದಿಲ್ಲ. ಬೇರೆ ಯಾವ ಶೂ ಅಂಗಡಿಯಲ್ಲಾದರೂ ಕಣ್ಣಿಗೆ ಬೀಳುತ್ತಿದ್ದ ತಪ್ಪು ನಮ್ಮ ಮೂವರ ಆರು ಕಣ್ಣಿಗೆ ಬೀಳಲಿಲ್ಲ.

ಇನ್ಸ್‌ಪೆಕ್ಟರ್ ಬಂದು ಕುರ್ಚಿಯಲ್ಲಿ ಕೂತು ಎರಡನ್ನೂ ಮಡಿಲಲ್ಲಿಟ್ಟುಕೊಂಡಳು. ಹೊಲಿಗೆ ಎಣಿಸಲಿಲ್ಲ. “ಅಪ್ಪಾ, ನೋಡು, ಎರಡೂ ಒಂದೇ ಥರ ಇವೆ!” ಎಂದಳು. ಹುಟ್ಟಿದಾಗಿನಿಂದ ಅವಳ ಕಾಲಿಗೆ ಒಂದೇ ಥರದ ಎರಡು ಶೂ ಬಂದಿರಲಿಲ್ಲ. ನನ್ನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ನಾನು ಬೇಡ ಎನ್ನುವಷ್ಟರಲ್ಲಿ ಹಾಕಿಕೊಂಡು ಎದ್ದು ಮೂರು ಹೆಜ್ಜೆ ಇಟ್ಟಳು. ನಾಲ್ಕನೆಯದಕ್ಕೆ ಎಡಕ್ಕೆ ಕುಸಿದು ಅಪ್ಪನ ಸೊಂಟ ಹಿಡಿದಳು. ಅಲ್ಲೇ ನಿಂತು ಕೆಳಗೆ ನೋಡಿ, “ಚೆನ್ನಾಗಿದೆ ಅಜ್ಜಿ. ಆದ್ರೆ ನಂದಲ್ಲ” ಎಂದು ತಾನೇ ಬಿಚ್ಚಿಕೊಟ್ಟಳು.

ಮಾನ್ಯರೇ, ತಮ್ಮ ಶಕ್ತಿಯ ಬಗ್ಗೆ ನನಗೆ ಈಗ ಅನುಮಾನ ಉಳಿದಿಲ್ಲವಾದ್ದರಿಂದ ಕೆಲವು ವಿನಂತಿಗಳಿವೆ. ಆ ಹುಡುಗಿಯ ಬಲಗಾಲಿಗೆ, ನಿಮ್ಮ ಮಾದರಿಯ ಬೆಳವಣಿಗೆಯನ್ನು ನಿಲ್ಲಿಸಲಾಗಿದೆ ಎಂದು ನೀಲಿ ಮುದ್ರೆಯೊತ್ತಿದ ಒಂದು ಪತ್ರ ಕಳಿಸಿಕೊಡಿ. ಅದಕ್ಕೆ ಓದು ಬರುವುದಿಲ್ಲ, ನಾನು ಓದಿ ಹೇಳುತ್ತೇನೆ. ನನಗೆ ಎಪ್ಪತ್ತಾರು, ಮಂಡಿಯ ಬಿಡಿಭಾಗ ಸಿಗುವುದಿಲ್ಲ, ನನಗೂ ಒಂದು ಕಾಗದ ಬಂದರೆ ನಾಳೆಯಿಂದ ಮಗ ಸೊಸೆಗೆ ಅದನ್ನು ತೋರಿಸಿ ಮಲಗಿಬಿಡುತ್ತೇನೆ. ಹಾಗೆಯೇ ಮನುಷ್ಯರನ್ನು ತಯಾರಿಸುವ ಮೇಲಿನವರ ಕಾರ್ಖಾನೆಯೊಂದಿಗೆ ತಮಗೆ ಪತ್ರವ್ಯವಹಾರ ಇದ್ದೇ ಇರುತ್ತದೆ. ತಮ್ಮ ಹೊಸ ಯಂತ್ರ ಒಪ್ಪುವ ಪಾದಗಳನ್ನು ಮಾತ್ರ ಇನ್ನು ಮುಂದೆ ಕೆಳಗೆ ಇಳಿಸಬೇಕೆಂದೂ, ಈಗಾಗಲೇ ಇಳಿಸಿರುವುದನ್ನು ವಾಪಸು ಪಡೆಯಬೇಕೆಂದೂ ಅವರಿಗೆ ಒಂದು ಸುತ್ತೋಲೆ ಹೊರಡಿಸಿ.

ಅದು ಹೊರಡುವವರೆಗೆ ಕಾಯಲಾಗದೆ, ಹದಿನೇಳು ವರ್ಷ ಮುಟ್ಟದ, ಚರ್ಮ ಕತ್ತರಿಸುವ ಬಾಗುಗತ್ತಿಯನ್ನು ನಾನೇ ಮಸೆದೆ. ಹುಡುಗಿಯನ್ನು ನಿಲ್ಲಿಸಿ, ಹಿಂದೆ ಮಂಡಿಯೂರಿ, ಸೊಂಟದ ಎರಡೂ ಮೂಳೆಗಳ ಮೇಲೆ ಹೆಬ್ಬೆರಳಿಟ್ಟು, ಎಡ ಹಿಮ್ಮಡಿಯಡಿಗೆ ಚರ್ಮದ ಚೂರುಗಳನ್ನು ಒಂದೊಂದೇ ತುರುಕುತ್ತಾ ಹೋದೆ. ಹೆಬ್ಬೆರಳುಗಳು ಸಮಕ್ಕೆ ಬಂದಾಗ ನಿಲ್ಲಿಸಿದೆ. ಕಣ್ಣು ಮಂಜು, ಕೈಗೆ ಅಭ್ಯಾಸ ತಪ್ಪಿದೆ. ಮೊದಲ ಚರ್ಮ ಹಾಳಾಯಿತು, ಎರಡನೆಯದೂ ಹಾಳಾಯಿತು, ಮಗ “ಬಿಡಮ್ಮಾ” ಎಂದ, ನಾನು ಅವನ ವಂಶ ಎತ್ತಿ ಬೈದೆ, ಅದು ನಿಮ್ಮದೇ ವಂಶ ಅತ್ತೆ ಎಂದು ಸೊಸೆ ನೆನಪಿಸಿದಳು. ಮೂರನೆಯದು ಕೂತಿತು. ಇನ್ಸ್‌ಪೆಕ್ಟರ್ ಹೊಸ ಜೋಡಿಯನ್ನು ಹಾಕಿಕೊಂಡು ಬಾಗಿಲವರೆಗೆ, ಬೀದಿಯ ತಿರುವಿನವರೆಗೆ, ಮತ್ತೆ ಕುರ್ಚಿಯವರೆಗೆ ನೆಟ್ಟಗೆ ನಡೆದಳು. ಕೂತು ಹೊಲಿಗೆ ಎಣಿಸಿ, ಎರಡು ಕಡೆ ದಾರ ಸಡಿಲ ಎಂದಳು. ನಿಜ, ಸಡಿಲವೇ. ಆ ಅವಳಿ ಶೂಗಳನ್ನು ಆಮೇಲೆ ಹುಡುಕಿದರೆ ಸಿಗಲಿಲ್ಲ. ಅವಳಪ್ಪ ಅಂಗಿಯೊಳಗೆ ಇಟ್ಟುಕೊಂಡು ಹೋದದ್ದನ್ನು ನಾನು ನೋಡಿಲ್ಲ.

ಒಂದಾಯಿತು. ಉಳಿದವರು ನಾನ್ನೂರ ಹನ್ನೊಂದು. ಹತ್ತಿರದವರು ಬಂದು ಕಾಲು ಚಾಚುತ್ತಿದ್ದಾರೆ, ಅಳೆಯುತ್ತಿದ್ದೇವೆ. ಆದರೆ ಬೇರೆ ಊರಿನಲ್ಲಿ ಹಾಸಿಗೆ ಬಿಟ್ಟು ಕಿಟಕಿಯವರೆಗೆ ಮಾತ್ರ ನಡೆಯಬಲ್ಲ ಒಬ್ಬ ನಿವೃತ್ತ ನರ್ಸಮ್ಮ ಇದ್ದಾರೆ. ಅವರ ಹಿಮ್ಮಡಿಯ ಹುಣ್ಣಿಗೆ ತಾಗದಂತೆ ನಾವು ಅಂಚೆಯಲ್ಲಿ ಶೂ ಕಳಿಸುತ್ತಿದ್ದೆವು. ಕಳೆದ ವಾರ ಅವರ ಕಾರ್ಡು ಬಂತು: “ಹಳೆಯದು ಸವೆದಿದೆ. ನನ್ನ ಕಾಲು ನಿಮ್ಮ ಹತ್ತಿರ ಇದೆಯಲ್ಲ, ಅದೇ ಅಳತೆಗೆ ಕಳಿಸಿ.” ನಿಮ್ಮ ಕಾಲು ನಮ್ಮ ಹತ್ತಿರ ಇಲ್ಲ ತಾಯಿ, ಕಂಪನಿಯ ಹತ್ತಿರ ಇದೆ ಎಂದು ಹೇಗೆ ಬರೆಯಲಿ? ನಾಲ್ಕನೆಯ ತರಗತಿಯಲ್ಲಿ ಇದನ್ನೂ ಹೇಳಿಕೊಟ್ಟಿರಲಿಲ್ಲ.

ತಮ್ಮ ಹೊಸ ಯಂತ್ರ ನಮಗೆ ಬೇಡ, ಹಳೆಯದಕ್ಕೆ ಮರುಜೀವವನ್ನೂ ಬೇಡುವುದಿಲ್ಲ. ಒಂದು ಸಂಖ್ಯೆ ಕೊಡಿ, ಒಂದೇ ಒಂದು ದಿನಕ್ಕೆ. ನಮ್ಮ ಪಾದಗಳನ್ನು ಎಣಿಸಿ ಹೊರಗಿಟ್ಟುಕೊಂಡು ಬಾಗಿಲು ಮುಚ್ಚುತ್ತೇವೆ. ಆಮೇಲೆ ತಾವು ಎಷ್ಟು ಮರಣಪತ್ರ ಬೇಕಾದರೂ ಕಳಿಸಿ, ಕಾಗದ ದಪ್ಪಗಿದೆ, ಅಂಟಿನ ಡಬ್ಬಿಯ ಕೆಳಗೆ ಚೆನ್ನಾಗಿ ಕೂರುತ್ತದೆ.

ಬಿಡಿಭಾಗವಿಲ್ಲದಿದ್ದರೂ ಇನ್ನೂ ಚಾಲ್ತಿಯಲ್ಲಿರುವ,
ತಮ್ಮ ವಿಶ್ವಾಸಿ,
ಶೂ ಹೊಲಿಯುವ ಮನೆಯ ಅಜ್ಜಿ

ಮರೆತಿದ್ದ ಮಾತು: ಸತ್ತ ಯಂತ್ರವನ್ನು ಗೌರವಪೂರ್ವಕವಾಗಿ ವಿಲೇವಾರಿ ಮಾಡುವುದಕ್ಕೆಂದು ತಮ್ಮ ಹಿರಿಯ ಅಧಿಕಾರಿಯೊಬ್ಬರು ನಿನ್ನೆ ಬಂದಿದ್ದರು. ಯಂತ್ರ ಕೊಡಲಿಲ್ಲ. ಬಾಗಿಲು ದಾಟುವಾಗ ಅವರು ಬಲಗಾಲನ್ನು ಎಳೆಯುತ್ತಿದ್ದುದನ್ನು ಕಂಡು ಕುರ್ಚಿಯಲ್ಲಿ ಕೂರಿಸಿ ಅಳೆದೆ. ಒಂದು ಪಾದ ಇನ್ನೊಂದಕ್ಕಿಂತ ಅರ್ಧ ಬೆರಳು ದೊಡ್ಡದು, ಇಪ್ಪತ್ತು ವರ್ಷದಿಂದ ಸೊಂಟ ನೋವಂತೆ, ಕಾರಣ ಯಾರೂ ಹೇಳಿರಲಿಲ್ಲವಂತೆ. ಎರಡೇ ದಿನದಲ್ಲಿ ಹಗುರವಾದ ಶೂ ಮಾಡಿಕೊಡಬಲ್ಲೆ. ಅಳತೆ ನನ್ನ ಹತ್ತಿರ ಭದ್ರವಾಗಿದೆ, ಎಲ್ಲಿಗೂ ಹೋಗುವುದಿಲ್ಲ. ಅದನ್ನು ಹೊರಗೆ ತೆಗೆಯುವುದಕ್ಕೆ ಒಂದು ಅನುಮತಿ ಸಂಖ್ಯೆ ಬೇಕು, ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿದೆ.