ಅರ್ಧ ನೋವಿನ ಗುಳಿಗೆ, ಪೂರಾ ಸುಖದ ಅಫೀಮು

ನೋವಿನ ವಿಷಯದಲ್ಲಿ ನಾನು ಶುದ್ಧ ಹೇಡಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆರಳಿಗೆ ಜಾಲಿಮುಳ್ಳು ತಾಗಿದರೂ ಓಣಿಯನ್ನೆಲ್ಲ ಕೂಡಿಸುವವನು ನಾನು. ಅಂಥವನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಗಿ, ಕಲಬುರ್ಗಿಯ ಡಾಕ್ಟರು ಅದನ್ನು ಕೊಯ್ದು ಕೀವು ತೆಗೆದರು. ಕಚೇರಿಯಲ್ಲಿ ಉರ್ದು ಬರೆದು ಹೊಟ್ಟೆ ಹೊರೆಯುವ ಕೈ ಬೇರೆ. ಡಾಕ್ಟರು ಬಿಳಿ ಗುಳಿಗೆಗಳ ಪೊಟ್ಟಣ ಕೊಟ್ಟು, "ಮುನ್ಷೀಜಿ, ಇದು ಆಸ್ಪಿರಿನ್. ನೋವು ಅರ್ಧಾನೇ ಹೋಗ್ತದ, ಆದ್ರ ತಲಿ ನೆಟ್ಟಗಿರ್ತದ. ಅಫೀಮಿನ ಗೊಡವಿಗಿ ಹೋಗಬ್ಯಾಡ್ರಿ" ಎಂದರು. ಅರ್ಧ ನೋವು ಉಳಿಸುವುದೂ ಒಂದು ಔಷಧಿಯೇ?

ಆರೈಕೆಗೆಂದು ರಜೆ ಹಾಕಿ, ಹೆಂಡತಿಯನ್ನೂ ತಂಗಿ ನೀಲಮ್ಮನನ್ನೂ ಕರೆದುಕೊಂಡು ಕಮಲಾಪುರದ ಮಾವನ ಮನೆಗೆ ಗಾಡಿ ಕಟ್ಟಿಸಿದೆ. ದಾರಿಯ ಒಂದೊಂದು ಕಲ್ಲೂ ನನ್ನ ಹೆಬ್ಬೆರಳನ್ನು ಮಾತನಾಡಿಸಿತು. ಮಾವನಿಗೆ ಹಳೆಯ ಆಸೆಯೊಂದಿತ್ತು: ನೀಲಮ್ಮನನ್ನು ತಮ್ಮ ಮಗ ಶರಣಪ್ಪನಿಗೆ ತಂದುಕೊಳ್ಳಬೇಕು. ಬಾಳೆತೋಟ ಬಿಟ್ಟು ಬೇರೇನೂ ಗೊತ್ತಿಲ್ಲದವನಿಗೆ ನನ್ನ ತಂಗಿಯೇ? ತಂದೆತಾಯಿ ಇಲ್ಲದ ಆಕೆಗೆ ಸರ್ಕಾರಿ ನೌಕರಿಯ ವರನನ್ನೇ ತರುತ್ತೇನೆಂದು ಹಟ ಹಿಡಿದು, ಇಪ್ಪತ್ತು ತುಂಬಿದರೂ ಮನೆಯಲ್ಲಿ ಕೂಡಿಸಿಕೊಂಡಿದ್ದೆ.

ನನ್ನ ನರಳಾಟ ನೋಡಿದ ಮಾವ, "ಆ ಗುಳಿಗಿ ತಿಪ್ಪಿಗಿ ಒಗೀರಿ, ಅಳಿಯಂದ್ರ" ಎಂದು ಹಾಲಿನಲ್ಲಿ ಒಂದಿಷ್ಟು ಅಫೀಮು ಕದಡಿ ಕೊಟ್ಟರು. ಅಬ್ಬಾ, ಆ ಸುಖವನ್ನು ಏನೆಂದು ಹೇಳಲಿ! ಹೆಬ್ಬೆರಳು ಇತ್ತು, ಆದರೆ ಬೇರೆ ಯಾರದೋ ಆಗಿತ್ತು. ಮಾವ ದೇವರಂತೆ ಕಂಡರು. ಶರಣಪ್ಪ ಸಾಕ್ಷಾತ್ ರಾಜಕುಮಾರ. ಮನೆತುಂಬ ಮಂದಿ ಸೇರಿದ್ದರು, ಯಾಕೆಂದು ಕೇಳುವ ಗೋಜಿಗೇ ನಾನು ಹೋಗಲಿಲ್ಲ. "ಸಕ್ಕರಿ ತಗೋರಿ" ಎಂದರು, ತಿಂದೆ. ಇನ್ನೊಂದು ಹಿಡಿ ಕೇಳಿ ಇಸಿದುಕೊಂಡೆನಂತೆ.

ಮರುದಿನ ನೋವಿನ ಜೊತೆ ಬುದ್ಧಿಯೂ ಮರಳಿತು. ನಮ್ಮಲ್ಲಿ ಹೆಣ್ಣಿನ ಕಡೆಯ ಹಿರಿಯನು ನಾಲ್ಕು ಮಂದಿಯ ಎದುರು ಸಕ್ಕರೆ ತಿಂದನೆಂದರೆ ಸಂಬಂಧ ಗಟ್ಟಿಯಾದಂತೆ! ಗುಳಿಗೆ ನುಂಗಿದೆ. ಡಾಕ್ಟರ ಮಾತು ನಿಜ, ತಲೆ ನೆಟ್ಟಗೇ ಇತ್ತು. ಅದನ್ನು ತಗ್ಗಿಸಿಕೊಂಡು ತಂಗಿಯ ಬಳಿ ಹೋದೆ.

"ತಪ್ಪಾತವ್ವ, ನಶಾದಾಗ ಹೂಂ ಅಂದೀನಿ. ಈಗೇ ಹೋಗಿ ಮಾತು ವಾಪಸ್ ತಗೋತೀನಿ."

ನೀಲಮ್ಮ ಕೆಂಪು ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿದಳು. "ಬ್ಯಾಡಣ್ಣ. ಎರಡು ವರ್ಷದಿಂದ ನನಗ ಈ ಮನಿಗೇ ಬರೋ ಮನಸದ. ನೀ ಒಮ್ಮೆರೆ ಕೇಳಿದಿ ಏನು?"

ಕೇಳಿರಲಿಲ್ಲ. ಆ ಎರಡು ವರ್ಷವೂ ನಾನು ಪೂರಾ ಎಚ್ಚರದಲ್ಲೇ ಇದ್ದೆ.